ಎಂತೆಂತ ಕೊಟ್ಟು ನೋಡಿದ್ರಿ?

ಕುಮಟಾ ಪೇಟೆ ದಾಟಿ, ಹೆದ್ದಾರಿ ಬಿಟ್ಟು ಒಳಗೆ ತಿರುಗುವ ರಸ್ತೆಯಲ್ಲಿ, ಹಳೆಯ ಹಂಚಿನ ಮನೆಯೊಂದರ ಮುಂಭಾಗದಲ್ಲಿ ಡಾಕ್ಟರ್ ಅರ್ಚಿತಾ ಅವರ ನಾಯಿ-ಬೆಕ್ಕಿನ ದವಾಖಾನೆ ಇದೆ. ಅಲ್ಲಿಗೆ ಬಂದವರು ಡಾಕ್ಟರನ್ನು ಕಾಣುವ ಮೊದಲು ಮಾದೇವಿಯನ್ನು ಕಾಣಬೇಕು. ಜಗಲಿಯ ಮೂಲೆಯಲ್ಲಿ ಅವಳ ಮೇಜು, ಮೇಜಿನ ಮೇಲೆ ದಪ್ಪ ರಿಜಿಸ್ಟರು, ಪಕ್ಕದಲ್ಲಿ ತೂಕದ ಯಂತ್ರ. ಊರು, ಹೆಸರು, ಫೋನ್ ನಂಬರು ಬರೆದುಕೊಂಡು, ಪ್ರಾಣಿಯನ್ನು ತೂಗಿ, ಕೊನೆಗೆ ದನಿ ತಗ್ಗಿಸಿ ಒಂದು ಮಾತು ಕೇಳುತ್ತಾಳೆ. "ಮನೇಲಿ ಎಂತೆಂತ ಕೊಟ್ಟು ನೋಡಿದ್ರಿ?"

ಮಾದೇವಿಗೆ ಈಗ ನಲವತ್ತೇಳು. ಊರು ಅಘನಾಶಿನಿ. ಓದಿದ್ದು ಏಳನೆಯ ಇಯತ್ತೆ. ಗಂಡ ಅಣ್ಣಪ್ಪ ಬೋಟಿಗೆ ಹೋಗುತ್ತಾನೆ. ದವಾಖಾನೆಗೆ ಸೇರುವ ಮೊದಲು ಅವಳು ಇಪ್ಪತ್ತು ವರ್ಷ ಹೊಳೆಯಲ್ಲಿ ಬಳಚು ಎಂಬ ಚಿಪ್ಪುಮೀನು ಆರಿಸಿದವಳು. ನೀರು ಇಳಿದಾಗ ಸೊಂಟಮಟ್ಟದ ಕೆಸರಿನಲ್ಲಿ ನಿಂತು, ಕಾಲಿನಿಂದಲೇ ಚಿಪ್ಪನ್ನು ಪತ್ತೆ ಹಚ್ಚಿ ಬುಟ್ಟಿ ತುಂಬಿಸುವ ಕೆಲಸ. ಪ್ರಾಣಿಗಳ ವೈದ್ಯಕೀಯಕ್ಕೂ ಅವಳಿಗೂ ಇದ್ದ ಸಂಬಂಧವೆಂದರೆ ಮನೆಯಲ್ಲಿದ್ದ ಸುಬ್ಬಿ ಎಂಬ ಬೆಕ್ಕು ಮಾತ್ರ.

ಆರು ವರ್ಷಗಳ ಹಿಂದೆ ಸುಬ್ಬಿ ಯಾವುದೋ ಗಂಡುಬೆಕ್ಕಿನೊಡನೆ ಜಗಳಾಡಿ ಕಾಲು ಎಳೆಯುತ್ತ ಬಂತು. ಮೈ ಬಿಸಿಯಾಗಿತ್ತು. ಮನೆಯಲ್ಲಿ ಎಲ್ಲರೂ ಜ್ವರಕ್ಕೆ ನುಂಗುವ ಬಿಳಿ ಮಾತ್ರೆಯ ಅರ್ಧ ತುಂಡನ್ನು ಮಾದೇವಿ ಮೀನಿನ ಸಾರಿನಲ್ಲಿ ಅರೆದು ತಿನ್ನಿಸಿದಳು. ಮನುಷ್ಯರಿಗೆ ಒಂದು, ಬೆಕ್ಕಿಗೆ ಅರ್ಧ ಎಂಬ ಲೆಕ್ಕ ಅವಳಿಗೆ ಸರಿಯಾಗಿಯೇ ಕಂಡಿತ್ತು. ಮರುದಿನ ಬೆಳಿಗ್ಗೆ ಬೆಕ್ಕಿನ ಮುಖ ಊದಿತ್ತು, ಉಸಿರು ಜೋರಾಗಿತ್ತು, ವಸಡು ಕಂದುಬಣ್ಣಕ್ಕೆ ತಿರುಗಿತ್ತು. ಚೀಲದಲ್ಲಿ ಹಾಕಿಕೊಂಡು ಬಸ್ಸು ಹತ್ತಿ ಕುಮಟೆಗೆ ಬಂದಳು.

ದವಾಖಾನೆ ತೆರೆದು ಆಗಿನ್ನೂ ವರ್ಷವಾಗಿರಲಿಲ್ಲ. ಜಗಲಿಯಲ್ಲಿ ಏಳೆಂಟು ಜನ ಕೂತಿದ್ದರು. ಬಾಗಿಲಲ್ಲೇ ನಿಂತು ಬೆಕ್ಕನ್ನು ನೋಡಿದ ಡಾಕ್ಟರು ಅವಸರದಲ್ಲಿ ಕೇಳಿದರು. "ಇದಕ್ಕೆ ಏನಾದ್ರೂ ಔಷಧಿ ಕೊಟ್ಟಿದ್ದೀರಾ?"

ಮಾದೇವಿ ಸುತ್ತಲಿದ್ದವರ ಮುಖ ನೋಡಿದಳು. "ಇಲ್ಲ," ಎಂದಳು.

ಡಾಕ್ಟರು ಗಾಯದ ನಂಜು ಇರಬೇಕೆಂದು ಅದಕ್ಕೆ ಇಂಜೆಕ್ಷನ್ ಕೊಟ್ಟರು. ಹಾವು ಕಚ್ಚಿರಬಹುದೇ ಎಂದು ಮೈಯೆಲ್ಲ ಹುಡುಕಿದರು. ಮಧ್ಯಾಹ್ನ ಜನ ಕರಗಿದ ಮೇಲೆ ಮತ್ತೊಮ್ಮೆ ಬಂದು ಪಕ್ಕದಲ್ಲಿ ಕೂತಾಗ ಮಾದೇವಿ ಮಾತ್ರೆಯ ವಿಷಯ ಹೇಳಿದಳು. ಡಾಕ್ಟರು ಎದ್ದು ಬೇರೆ ಔಷಧಿ ಹುಡುಕಿ ತಂದು ಶುರು ಮಾಡಿದರು. ಆ ಹೊತ್ತಿಗೆ ತಡವಾಗಿತ್ತು. ನಾಲ್ಕು ಗಂಟೆಗೆ ಸುಬ್ಬಿ ಸತ್ತಿತು.

"ಆ ಮಾತ್ರೆ ಬೆಕ್ಕಿಗೆ ವಿಷ," ಎಂದರು ಡಾಕ್ಟರು. "ಬೆಳಿಗ್ಗೆ ಬಂದ ಕೂಡಲೇ ಹೇಳಿದ್ದರೆ ಪ್ರಯತ್ನ ಮಾಡಬಹುದಿತ್ತು. ಉಳೀತಿತ್ತು ಅಂತ ಹೇಳೋದಿಲ್ಲ, ಆದ್ರೆ ಪ್ರಯತ್ನ ಮಾಡಬಹುದಿತ್ತು. ಯಾಕೆ ಹೇಳಲಿಲ್ಲ?"

"ಬೈತ್ರಿ ಅಂದ್ಕಂಡೆ."

"ನಾನ್ಯಾಕೆ ಬೈಲಿ?"

ಮಾದೇವಿ ಸೆರಗಿನಿಂದ ಮೂಗು ಒರೆಸಿಕೊಂಡಳು. "ಅಷ್ಟು ಜನರ ಎದುರಿಗೆ ಪೊಲೀಸ್ನವ್ರು ಕೇಳ್ದಾಂಗೆ ಕೇಳಿದ್ರಲ್ಲ, ಮೇಡಂ. ಹಾಂಗೆ ಕೇಳಿದ್ರೆ ಯಾರೂ ಹೇಳೂದಿಲ್ಲ."

ಡಾಕ್ಟರು ಎದ್ದರು. ಬೆಕ್ಕನ್ನು ಹಳೆಯ ಟವೆಲ್ಲಿನಲ್ಲಿ ಸುತ್ತಿ ಕೊಟ್ಟು, ಬಸ್ಸಿನ ತನಕ ತಾವೇ ಸ್ಕೂಟರಿನಲ್ಲಿ ಬಿಟ್ಟು ಬಂದರು.

ಮೂರು ತಿಂಗಳಾದ ಮೇಲೆ ಅವರಿಂದ ಫೋನು ಬಂತು. ಕೆಲಸಕ್ಕಿದ್ದ ಹುಡುಗಿ ಮದುವೆಯಾಗಿ ಹೋಗಿದ್ದಳು. ಬರುತ್ತೀರಾ ಎಂದು ಕೇಳಿದರು. ಮಾದೇವಿಗೆ ನಂಬಿಕೆಯಾಗಲಿಲ್ಲ. ಬೆಕ್ಕನ್ನು ಕೊಂದವಳನ್ನು ಬೆಕ್ಕಿನ ದವಾಖಾನೆಗೆ ಯಾರು ಕರೆಯುತ್ತಾರೆ? ಓಣಿಯ ಹೆಂಗಸರು, ನಾಯಿಯ ಹೇಲು ಬಳಿಯುವ ಕೆಲಸಕ್ಕೆ ಪೇಟೆಗೆ ಹೋಗಬೇಕಾ ಎಂದರು. ಅಣ್ಣಪ್ಪ ಮಾತ್ರ ಊಟದ ತಟ್ಟೆಯಿಂದ ತಲೆ ಎತ್ತದೆ ಹೇಳಿದ. "ಹೋಗು. ವರ್ಷಪೂರ್ತಿ ಸೊಂಟದಷ್ಟು ನೀರಲ್ಲಿ ನಿಲ್ಲೂದು ತಪ್ತದೆ."

ಹಾಗೆ ಅವಳು ಬಂದಳು. ಮೊದಲ ವಾರವೇ ಜನ ಕೂರುವ ಬೆಂಚನ್ನು ಮೇಜಿನಿಂದ ದೂರಕ್ಕೆ, ಅಂಗಳದ ಕಡೆ ಎಳೆದು ಹಾಕಿದಳು. ಮೇಜಿನ ಹತ್ತಿರ ಒಂದೇ ಕುರ್ಚಿ. ಅಲ್ಲಿ ಆಡಿದ ಮಾತು ಬೆಂಚಿನವರಿಗೆ ಕೇಳಿಸುವುದಿಲ್ಲ. ನಾಯಿಗಳು ಅಂಗಳದ ಕಡೆ, ಬೆಕ್ಕುಗಳು ಒಳಗಿನ ಕೋಣೆಯಲ್ಲಿ. ಕೇಳುವ ಮಾತನ್ನೂ ಬದಲಿಸಿದಳು. ಔಷಧಿ ಕೊಟ್ಟಿದ್ದೀರಾ ಎಂದರೆ ಜನ ಇಲ್ಲ ಎನ್ನುತ್ತಾರೆ. ಎಂತೆಂತ ಕೊಟ್ಟು ನೋಡಿದ್ರಿ ಎಂದರೆ, ಎಲ್ಲರೂ ಏನಾದರೂ ಕೊಟ್ಟೇ ಕೊಡುತ್ತಾರೆ, ಅದರಲ್ಲಿ ನಾಚಿಕೆಪಡುವಂಥದ್ದಿಲ್ಲ ಎಂದಾಗುತ್ತದೆ. ಆಗ ಒಂದೊಂದೇ ಹೊರಗೆ ಬರುತ್ತದೆ. ಅರಿಸಿನ, ಹೊಗೆಸೊಪ್ಪಿನ ನೀರು, ರಕ್ತ ಹೀರುವ ಉಣುಗು ಉದುರಲಿ ಎಂದು ಮೈಗೆ ಸವರಿದ ಚಿಮಣಿ ಎಣ್ಣೆ, ಮೊಮ್ಮಗನಿಗೆ ತಂದು ಉಳಿದ ಕೆಮ್ಮಿನ ಔಷಧಿ, ಅಜ್ಜಿಯ ಮಂಡಿನೋವಿನ ಗುಳಿಗೆ. ಮಾದೇವಿ ಎಲ್ಲವನ್ನೂ ಹುಬ್ಬು ಏರಿಸದೆ ಬರೆದುಕೊಳ್ಳುತ್ತಾಳೆ. ಭಟ್ಕಳದಿಂದ ಬರುವ ನವಾಯತ ಮುಸ್ಲಿಮರ ಮನೆಯ ಹೆಂಗಸರಿಗಾಗಿ ಅದೇ ಪ್ರಶ್ನೆಯನ್ನು ಉರ್ದುವಿನಲ್ಲಿ ಕೇಳಲು ಕಲಿತಿದ್ದಾಳೆ. ಅವಳ ಉರ್ದು ಕೇಳಿ ಅವರು ನಗುತ್ತಾರೆ, ನಕ್ಕ ಮೇಲೆ ಹೇಳುತ್ತಾರೆ.

ಉಳಿದದ್ದನ್ನು ನೋಡನೋಡುತ್ತ ಕಲಿತಳು. ಒಬ್ಬರು ಬೆಕ್ಕನ್ನು ತೊಡೆಯ ಮೇಲೆ ಕೂರಿಸಿಕೊಂಡು ಸ್ಕೂಟರಿನಲ್ಲಿ ಬರುವಾಗ, ಲಾರಿ ಹಾರ್ನಿಗೆ ಬೆದರಿ ಅದು ಹೆದ್ದಾರಿಗೆ ಜಿಗಿದು, ಎರಡು ದಿನ ಸಿಗಲೇ ಇಲ್ಲ. ಅಂದಿನಿಂದ ಫೋನು ಮಾಡಿದವರಿಗೆಲ್ಲ ಮುಚ್ಚಳವಿರುವ ಬುಟ್ಟಿಯಲ್ಲೇ ತನ್ನಿ, ಇಲ್ಲದಿದ್ದರೆ ಹಣ್ಣಿನ ಕ್ರೇಟಿಗೆ ಬಲೆ ಕಟ್ಟಿ ತನ್ನಿ ಎಂದು ಹೇಳುತ್ತಾಳೆ. ಮನೆಯಲ್ಲಿ ಒದ್ದಾಡುವ ನಾಯಿ ಇಲ್ಲಿಗೆ ಬಂದ ಕೂಡಲೇ ಕಿವಿ ನೆಟ್ಟಗೆ ಮಾಡಿ ನಿಂತುಬಿಡುತ್ತದೆ, ಆದ್ದರಿಂದ ಮನೆಯಲ್ಲೇ ವಿಡಿಯೋ ತೆಗೆದು ತನ್ನಿ ಎನ್ನುತ್ತಾಳೆ. ಬರುವ ಮೊದಲು ಫೋನ್ ಮಾಡಿ, ಮೇಡಂ ಒಳಗೆ ಆಪರೇಷನ್ನಿನಲ್ಲಿದ್ದರೆ ನೀವು ಬಂದು ಕಾಯುವುದೇ ಆಗುತ್ತದೆ ಎನ್ನುತ್ತಾಳೆ.

ಇಷ್ಟೆಲ್ಲ ಕಲಿತವಳಿಗೆ ಒಂದು ದಿನ ಎಂಥ ಸಂದರ್ಭ ಬಂತು ಎಂಬುದನ್ನು ಇನ್ನು ಹೇಳಬೇಕು.

ಕಳೆದ ವರ್ಷ ನವರಾತ್ರಿ ಮುಗಿದ ವಾರ, ಬೆಳಿಗ್ಗೆ ಹತ್ತರ ಸುಮಾರಿಗೆ, ಹಳದೀಪುರದ ಕೃಷ್ಣಾನಂದ ಮಾಸ್ತರು ಫೋನೂ ಮಾಡದೆ ಕಾರಿನಲ್ಲಿ ಬಂದಿಳಿದರು. ಹೈಸ್ಕೂಲಿನಿಂದ ನಿವೃತ್ತರಾದವರು, ತೆಂಗಿನ ತೋಟ ನೋಡಿಕೊಂಡು ಇರುವವರು. ಹಿಂದಿನ ಸೀಟಿನಲ್ಲಿ ಅವರ ನಾಯಿ ಮೋತಿ ಮಲಗಿತ್ತು. ಎದ್ದು ನಿಲ್ಲುವ ತ್ರಾಣ ಇರಲಿಲ್ಲ. ಮಾದೇವಿ ಮತ್ತು ಮಾಸ್ತರು ಬೆಡ್‌ಶೀಟಿನ ಸಮೇತ ಎತ್ತಿ ಒಳಗೆ ಡಾಕ್ಟರ ಮೇಜಿಗೆ ತಂದರು. ತುಟಿ ಎತ್ತಿ ನೋಡಿದರೆ ವಸಡು ಕಾಗದದಷ್ಟು ಬೆಳ್ಳಗಿತ್ತು.

"ಎರಡು ದಿನದಿಂದ ಮಂಕು," ಎಂದರು ಮಾಸ್ತರು. "ಅನ್ನ, ಹಾಲು ಬಿಟ್ಟು ಬೇರೇನೂ ಕೊಟ್ಟಿಲ್ಲ. ಅಂಗಳ ಬಿಟ್ಟು ಆಚೆ ಹೋಗೋದೂ ಇಲ್ಲ."

ಡಾಕ್ಟರು ಕಾಲಿನಿಂದ ರಕ್ತ ತೆಗೆದರು. ಸೂಜಿ ಚುಚ್ಚಿದ ಜಾಗದಿಂದ ಹನಿ ಇಳಿಯುವುದು ನಿಲ್ಲಲೇ ಇಲ್ಲ. ಗಾಜಿನ ನಳಿಕೆಯಲ್ಲಿ ಹಿಡಿದ ರಕ್ತ ಹತ್ತು ನಿಮಿಷವಾದರೂ ನೀರಿನ ಹಾಗೇ ಅಲುಗುತ್ತಿತ್ತು. ಡಾಕ್ಟರು ಮಾಸ್ತರಿಗೆ, ಮನೆಯಲ್ಲಿ ಇಲಿ ಪಾಷಾಣ ಏನಾದರೂ ಇಟ್ಟಿದ್ದೀರಾ ಎಂದು ಕೇಳಿದರು. ಮಾಸ್ತರು ಇಲ್ಲ ಎಂದರು.

ಡಾಕ್ಟರು ಮಾದೇವಿಯನ್ನು ಜಗಲಿಗೆ ಕರೆದು ದನಿ ತಗ್ಗಿಸಿದರು. "ಮಾದೇವಕ್ಕ, ರಕ್ತ ಹೆಪ್ಪುಗಟ್ತಾ ಇಲ್ಲ. ಉಣುಗಿನ ಜ್ವರದಲ್ಲೂ ಹೀಗಾಗ್ತದೆ, ಇಲಿ ವಿಷದಲ್ಲೂ ಹೀಗಾಗ್ತದೆ. ಒಂದು ಇಂಜೆಕ್ಷನ್ ಹೇಗೂ ಕೊಡ್ತೇನೆ. ಆದ್ರೆ ವಿಷವೇ ಹೌದಾದ್ರೆ ಅದು ಯಾವುದು, ತಿಂದು ಎಷ್ಟು ದಿನ ಆಯ್ತು ಗೊತ್ತಾಗ್ಬೇಕು. ಅವರು ಇಲ್ಲ ಅಂತಾರೆ."

ಮಾಸ್ತರು ಇಲ್ಲ ಎಂದಾಗ ನೆಲ ನೋಡಿದ್ದನ್ನು ಮಾದೇವಿ ಗಮನಿಸಿದ್ದಳು. ನಾಯಿಯ ಮೂಗಿನಿಂದ ಜಿನುಗಿದ ರಕ್ತ ಒರೆಸಿದ ಬಟ್ಟೆಯನ್ನು ಎತ್ತಿಕೊಂಡು, ಇದನ್ನು ಒಂಚೂರು ಹಿಂಡಿ ತರುವಾ ಬನ್ನಿ ಎಂದು ಅವರನ್ನು ಹಿತ್ತಲಿನ ನಲ್ಲಿಯ ಹತ್ತಿರ ಕರೆದುಕೊಂಡು ಹೋದಳು. ಕೈಗೆ ಕೆಲಸ ಇದ್ದರೆ ಬಾಯಿ ಸಡಿಲವಾಗುತ್ತದೆ ಎಂಬುದು ಅವಳಿಗೆ ಬಳಚು ಆರಿಸುವ ದಿನಗಳಿಂದಲೇ ಗೊತ್ತು.

"ಮಾಸ್ತರೇ, ಈ ವರ್ಷ ನಿಮ್ಮಲ್ಲಿ ಇಲಿ ಕಾಟ ಹ್ಯಾಂಗೆ?"

"ಎಲ್ಲರ ಮನೇಲಿ ಇದ್ದ ಹಾಗೇ."

"ನಮ್ಮ ಬದಿಗೆ ಮೀನಿನ ಬಲೆನೇ ಕಡದು ಹಾಕ್ತವೆ. ನಾವು ಎಂತೆಂತದೋ ಮಾಡಿ ಸಾಕಾಯ್ತು. ನೀವು ಎಂತೆಂತ ಮಾಡಿ ನೋಡಿದ್ರಿ?"

ಮಾಸ್ತರು ಬಟ್ಟೆ ಹಿಂಡಿದರು. ನೀರು ಗುಲಾಬಿ ಬಣ್ಣದಲ್ಲಿ ಹರಿಯಿತು. "ಬೋನು ಇಟ್ಟಿದ್ದೆ."

"ಬಿದ್ವಾ?"

"ಒಂದೆರಡು. ಅದರಿಂದ ಏನಾಗ್ತದೆ? ಎಳೆ ಕಾಯಿಗಳನ್ನೆಲ್ಲ ಕೊರದು ಕೆಡವ್ತಾ ಇದ್ವು."

"ಮತ್ತೆ?"

ಅವರು ಮತ್ತೆ ಬಟ್ಟೆಯನ್ನು ನಲ್ಲಿಯ ಕೆಳಗೆ ಹಿಡಿದರು. ಮಾದೇವಿ ಕಾದಳು. ಒಳಗಿನಿಂದ ಯಾವುದೋ ನಾಯಿ ಎರಡು ಸಲ ಬೊಗಳಿ ಸುಮ್ಮನಾಯಿತು.

"ಮಾಸ್ತರೇ," ಎಂದಳು ಅವಳು, "ಮೇಡಂಗೆ ನಿಮ್ಮನ್ನ ಹಿಡಿದು ಕೊಡೂದು ಬೇಕಿಲ್ಲ. ಯಾವ ಔಷಧಿ ಎಷ್ಟು ಕೊಡೂದು ಅಂತ ಗೊತ್ತಾದ್ರೆ ಆತು. ಇಲ್ಲಿ ಹೇಳಿದ್ದು ಅವ್ರಿಗೆ ಬಿಟ್ರೆ ಮತ್ಯಾರಿಗೂ ಹೋಗೂದಿಲ್ಲ."

ಆಗ ಮಾಸ್ತರು ಅವಳ ಕಡೆ ತಿರುಗಿದರು. "ನಮ್ಮ ಪಕ್ಕದ ಮನೆ ದಿನಕರನ ನಾಯಿಮರಿ ಸತ್ತದ್ದು ನಿಮಗೆ ಗೊತ್ತಾ?"

ಮಾದೇವಿಗೆ ಗೊತ್ತಿತ್ತು. ಹನ್ನೆರಡು ದಿನಗಳ ಹಿಂದೆ ಆ ಮರಿಯ ಹೆಸರನ್ನು ರಿಜಿಸ್ಟರಿನಲ್ಲಿ ಬರೆದವಳು ಅವಳೇ. ಚಿಂಟು, ನಾಲ್ಕು ತಿಂಗಳು, ಮೂಗಿನಿಂದ ರಕ್ತ. ದಿನಕರ ಅದನ್ನು ಮೇಜಿನ ಮೇಲೆ ಇಡುವ ಹೊತ್ತಿಗೆ ಜೀವ ಹೋಗಿತ್ತು. ಎಂತ ತಿಂದಿರಬಹುದು ಎಂದು ಕೇಳಿದ್ದಕ್ಕೆ ಅವನಿಗೆ ಏನೂ ತೋಚಿರಲಿಲ್ಲ. ಹತ್ತು ವರ್ಷದ ಮಗಳು ಧನ್ಯಾ ಕಾರಿನಿಂದ ಇಳಿಯದೆ ಕೂತಿದ್ದಳು.

"ಬೇಲಿ ಬುಡದಲ್ಲಿ ಇಲಿ ಪಾಷಾಣದ ನೀಲಿ ಬಿಲ್ಲೆ ಇಟ್ಟಿದ್ದೆ," ಎಂದರು ಮಾಸ್ತರು. "ಮರಿ ಸತ್ತ ಮೇಲೆ ಬೇಲಿ ಹತ್ರದ್ದನ್ನೆಲ್ಲ ಆರಿಸಿದೆ. ಕಾಯಿ ರಾಶಿ ಹಾಕುವ ಕೊಟ್ಟಿಗೇಲಿ ಇದ್ದದ್ದು ಹಾಗೇ ಉಳೀತು. ಒಂದು ದಿನ ಕೊಟ್ಟಿಗೆ ಬಾಗಿಲು ತೆಗೆದಿತ್ತು, ಮೋತಿ ಒಳಗೆ ಹೋಗಿತ್ತು. ನಾಲ್ಕು ದಿನ ಆಯ್ತು." ಬಟ್ಟೆಯನ್ನು ಮತ್ತೊಮ್ಮೆ ಹಿಂಡಿ ಸೇರಿಸಿದರು. "ದಿನಕರನ ಮನೆಗೆ ಹೋಗಿ ಆ ಹುಡುಗಿಗೆ ಸಮಾಧಾನ ಹೇಳಿ ಬಂದವ ನಾನು."

ಮಾದೇವಿ ನಲ್ಲಿ ನಿಲ್ಲಿಸಿದಳು. "ಪಾಕೀಟು ಮನೇಲಿದ್ಯಾ?" ಎಂದು ಕೇಳಿದಳು.

ಮಾಸ್ತರು ಹೆಂಡತಿಗೆ ಫೋನು ಹಚ್ಚಿ ತಮ್ಮ ಮನೆಮಾತಿನಲ್ಲಿ ಕೇಳಿದರು. "ಲಕ್ಷ್ಮೀ, ಆ ಇಲಿ ಪಾಷಾಣದ ಪಾಕೀಟು ಎಲ್ಲಿದ್ದು?"

"ಕೊಟ್ಟಿಗೆ ಅಟ್ಟದ ಮೇಲೆ ಇದ್ದು. ಎಂತಕ್ಕೆ? ಮೋತಿಗೆ ಎಂತ ಆತು?"

"ಆಮೇಲೆ ಹೇಳ್ತೆ. ಎರಡೂ ಬದಿ ಫೋಟೋ ತೆಗದು ಈಗಲೇ ಕಳ್ಸು. ಕೈ ತೊಳಕ."

ಫೋಟೋ ಬಂತು. ಡಾಕ್ಟರು ಅದನ್ನು ದೊಡ್ಡದು ಮಾಡಿ ವಿಷದ ಹೆಸರು ಓದಿ ತಲೆಯಾಡಿಸಿದರು. ಈ ವಿಷ ತಿಂದ ದಿನ ಏನೂ ಕಾಣಿಸುವುದಿಲ್ಲ, ಮೂರು ನಾಲ್ಕು ದಿನ ಬಿಟ್ಟು ಒಳಗೊಳಗೇ ರಕ್ತ ಸೋರಲು ಶುರುವಾಗುತ್ತದೆ, ಪ್ರತಿಮದ್ದು ಇದೆ, ಆದರೆ ಅದು ಕೆಲಸ ಹಿಡಿಯಲು ಅರ್ಧ ದಿನ ಬೇಕು ಎಂದರು. ಅಷ್ಟು ಹೊತ್ತು ಮೋತಿ ತಡೆಯುವ ಹಾಗಿರಲಿಲ್ಲ. ಇನ್ನೊಂದು ನಾಯಿಯ ರಕ್ತ ಬೇಕಾಗಿತ್ತು.

ಮಾದೇವಿ ರಿಜಿಸ್ಟರು ತೆರೆದಳು. ಇಪ್ಪತ್ತೈದು ಕಿಲೋ ಮೇಲಿರುವ, ವಯಸ್ಸಾಗಿರದ, ಲಸಿಕೆ ತಪ್ಪದ ನಾಯಿಗಳ ಹೆಸರಿಗೆ ಅವಳು ಕೆಂಪು ಗುರುತು ಹಾಕಿ ಇಟ್ಟಿದ್ದಳು. ಗೋಕರ್ಣದ ಕಡೆಯವರು ಫೋನ್ ಎತ್ತಲಿಲ್ಲ. ಹೊನ್ನಾವರದವರು ನಾಯಿಯ ಸಮೇತ ಹುಬ್ಬಳ್ಳಿಗೆ ಹೋಗಿದ್ದರು. ಮೂರನೆಯ ಹೆಸರು ಟೈಗರ್. ಮೂವತ್ತೊಂದು ಕಿಲೋ, ಹಳದೀಪುರ, ದಿನಕರ.

ಅವಳು ಆ ಸಾಲನ್ನು ಬೆರಳಿಟ್ಟು ಮತ್ತೊಮ್ಮೆ ಓದಿದಳು. ಆಮೇಲೆ ಎದ್ದು ಮಾಸ್ತರ ಹತ್ತಿರ ಹೋದಳು. "ದಿನಕರಣ್ಣನ ಟೈಗರ್ ಒಂದೇ ಉಳಿದದ್ದು. ಕರೀಲಾ?"

ಮಾಸ್ತರು ಮೋತಿಯ ತಲೆಯ ಮೇಲಿದ್ದ ಕೈಯನ್ನು ತೆಗೆಯಲಿಲ್ಲ. "ಕರೀರಿ," ಎಂದರು.

ದಿನಕರನಿಗೆ ಧಾರೇಶ್ವರದಲ್ಲಿ ಪಂಪ್‌ಸೆಟ್ ರಿಪೇರಿಯ ಅಂಗಡಿ. ಮಾದೇವಿ ಫೋನಿನಲ್ಲಿ ಬೇಕಾದಷ್ಟನ್ನೇ ಹೇಳಿದಳು: ಮಾಸ್ತರ ನಾಯಿಗೆ ರಕ್ತ ಬೇಕು, ಟೈಗರ್ ಕೊಡಬಹುದು, ಬೆಳಿಗ್ಗೆಯಿಂದ ಏನೂ ತಿಂದಿಲ್ಲವಾದರೆ ಒಳ್ಳೆಯದು. ದಿನಕರ ಒಂದು ಮಾತೂ ಕೇಳದೆ, ಬರ್ತೆ ಎಂದ. ಶಟರ್ ಎಳೆದು, ಹಳದೀಪುರಕ್ಕೆ ಹೋಗಿ, ನಾಯಿಯನ್ನು ಹತ್ತಿಸಿಕೊಂಡು ಮುಕ್ಕಾಲು ಗಂಟೆಯಲ್ಲಿ ದವಾಖಾನೆಯ ಗೇಟಿನಲ್ಲಿದ್ದ.

ಮಾದೇವಿ ಟೈಗರ್‌ನ ಸರಪಳಿ ಹಿಡಿದು ತೂಕಕ್ಕೆ ನಿಲ್ಲಿಸುತ್ತಿದ್ದಾಗ ಮಾಸ್ತರು ಒಳಗಿನಿಂದ ಜಗಲಿಗೆ ಬಂದರು.

"ದಿನಕರ, ರಕ್ತ ಕೊಡೋ ಮೊದಲು ನೀನು ಒಂದು ಮಾತು ಕೇಳ್ಬೇಕು."

"ಎಂತ ಮಾಸ್ತರೇ? ಮೊದ್ಲು ನಾಯಿ ನೋಡ್ವಾ."

"ಇಲ್ಲ, ಮೊದಲು ಇದು." ಅವರು ನಿಂತಲ್ಲೇ ಹೇಳಿದರು. ನೀಲಿ ಬಿಲ್ಲೆ, ಬೇಲಿಯ ಬುಡ, ಮರಿ ಸತ್ತ ಸಂಜೆ ತಾವು ಟಾರ್ಚು ಹಿಡಿದು ಉಳಿದದ್ದನ್ನು ಆರಿಸಿದ್ದು. ಒಂದನ್ನೂ ಬಿಡಲಿಲ್ಲ. ಬೆಂಚಿನಲ್ಲಿ ಕೂತಿದ್ದ ಇಬ್ಬರಿಗೂ ಕೇಳಿಸುವಷ್ಟು ಜೋರಾಗಿಯೇ ಹೇಳಿದರು.

ದಿನಕರ ಒಂದು ಹೆಜ್ಜೆ ಮುಂದೆ ಬಂದ. "ಮೂರು ದಿನ ನಮ್ಮನೆ ಜಗಲಿ ಮೇಲೆ ಬಂದು ಕೂತ್ಕಂಡು ಹೋದ್ರಿ ನೀವು."

"ಹೌದು."

"ನನ್ನ ಮಗಳು, ತಾನೇ ಎಂತದೋ ತಿನ್ನಿಸಿ ಕೊಂದೆ ಅಂದ್ಕಂಡಿದ್ದಾಳೆ. ಇವತ್ತಿಗೂ."

ದಿನಕರ ಮಾದೇವಿಯ ಕೈಯಿಂದ ಸರಪಳಿ ಕಿತ್ತುಕೊಂಡು ಗೇಟಿನ ತನಕ ನಡೆದ. ಅಲ್ಲಿ ನಿಂತ. ಟೈಗರ್ ಅವನ ಕಾಲ ಬಳಿ ಕೂತು ಬಾಲ ಬೀಸಿತು. ಮಾದೇವಿಗೆ ಹೋಗಿ ತಡೆಯಬೇಕೆನಿಸಿತು. ಆದರೆ ನಾಯಿ ಅವನದು, ಸತ್ತ ಮರಿಯೂ ಅವನದು. ಅವಳು ಮೇಜಿನ ಅಂಚು ಹಿಡಿದು ನಿಂತಳು. ಹೆದ್ದಾರಿಯ ಕಡೆಯಿಂದ ಬಂದ ಬಸ್ಸೊಂದು ದೂಳೆಬ್ಬಿಸಿ ಹೋಯಿತು. ದಿನಕರ ತಿರುಗಿ ಬಂದ. ಮಾಸ್ತರ ಮುಖ ನೋಡದೆ ಡಾಕ್ಟರ ಬಾಗಿಲಲ್ಲಿ ನಿಂತ.

"ಮೇಡಂ, ರಕ್ತ ತೆಗೆದ್ರೆ ಇದಕ್ಕೆ ಎಂತಾದ್ರೂ ಆಗ್ತದಾ?"

"ಒಂದು ದಿನ ಸುಸ್ತಾಗ್ತದೆ, ಅಷ್ಟೇ. ನೀರು ಜಾಸ್ತಿ ಕೊಡಿ, ಓಡಿಸಬೇಡಿ."

"ಆತು. ತೆಗೀರಿ. ಒಳಗಿರೂ ನಾಯಿ ಎಂತ ತಪ್ಪು ಮಾಡಿದೆ, ಪಾಪ."

ಡಾಕ್ಟರು ಎರಡೂ ನಾಯಿಗಳ ರಕ್ತದ ಹನಿಯನ್ನು ಗಾಜಿನ ಮೇಲೆ ಬೆರೆಸಿ ಗಂಟು ಕಟ್ಟುವುದಿಲ್ಲ, ಹೊಂದುತ್ತದೆ ಎಂದು ಖಾತ್ರಿ ಮಾಡಿಕೊಂಡರು. ಟೈಗರ್‌ನ ಕುತ್ತಿಗೆಯ ಕೂದಲು ತೆಗೆದು ಮಲಗಿಸಿದರು. ಇಪ್ಪತ್ತು ನಿಮಿಷ ಮಾದೇವಿ ಅದರ ಮುಂಗಾಲು ಹಿಡಿದಿದ್ದಳು, ದಿನಕರ ಕಿವಿಯ ಹಿಂದೆ ತುರಿಸುತ್ತಿದ್ದ. ಮಧ್ಯೆ ಅವನು ಕೇಳಿದ.

"ನಿಮಗೆ ಮೊದ್ಲೇ ಗೊತ್ತಿತ್ತಾ ಮಾದೇವಕ್ಕ?"

"ಇವತ್ತು ಬೆಳಿಗ್ಗೆ ಗೊತ್ತಾಯ್ತು."

"ನನಗೆ ಫೋನ್ ಮಾಡುವಾಗ?"

"ಗೊತ್ತಿತ್ತು."

"ಒಂದು ಮಾತು ಹೇಳ್ಲಿಲ್ಲ."

"ಅದು ನಾ ಹೇಳೂ ಮಾತಾಗಿರ್ಲಿಲ್ಲ, ದಿನಕರಣ್ಣ."

ಅವನು ಕೈ ತೆಗೆದ. ರಕ್ತದ ಚೀಲ ತುಂಬಿ, ಗಾಯಕ್ಕೆ ಹತ್ತಿ ಒತ್ತಿ ಕಟ್ಟಿದ ಮೇಲೆ ಟೈಗರ್‌ಗೆ ನೀರು ಕುಡಿಸಿ, ಯಾರಿಗೂ ಹೇಳದೆ ಹೊರಟುಹೋದ.

ಮಧ್ಯಾಹ್ನದ ಮೂರಕ್ಕೆ ಮೋತಿಯ ವಸಡಿಗೆ ಸ್ವಲ್ಪ ಬಣ್ಣ ಬಂತು. ಐದಕ್ಕೆ ತಲೆ ಎತ್ತಿತು. ಅಲ್ಲಿಯೇ ಎರಡು ದಿನ ಉಳಿದು ಮೂರನೆಯ ದಿನ ತನ್ನ ಕಾಲಲ್ಲೇ ನಡೆದು ಕಾರು ಹತ್ತಿತು. ನಾಲ್ಕು ವಾರ ಮಾತ್ರೆ, ತುಪ್ಪ ಕಲಸಿದ ಅನ್ನದ ಜೊತೆಗೇ ಕೊಡಬೇಕು ಎಂದು ಡಾಕ್ಟರು ಬರೆದುಕೊಟ್ಟರು.

ಹನ್ನೊಂದನೆಯ ದಿನ ಮಾಸ್ತರು ಫೋನ್ ಮಾಡಿದರು. "ಈಗ ಕಾಗೆ ಓಡಿಸ್ಲಿಕ್ಕೆ ಶುರು ಮಾಡಿದೆ. ಇನ್ನು ಮಾತ್ರೆ ನಿಲ್ಲಿಸಬಹುದಲ್ಲ?"

"ಆಗೂದಿಲ್ಲ, ಮಾಸ್ತರೇ. ವಿಷ ಲಿವರಲ್ಲಿ ಇನ್ನೂ ಕೂತಿರ್ತದೆ ಅಂತಾರೆ ಮೇಡಂ. ಈಗ ಬಿಟ್ರೆ ಮತ್ತೆ ಸೋರೂಕೆ ಹಿಡೀತದೆ. ಪೂರ್ತಿ ಮುಗಿಸಿ. ಮುಗಿದು ಎರಡು ದಿನಕ್ಕೆ ಕರ್ಕಂಡು ಬನ್ನಿ, ರಕ್ತ ನೋಡ್ಬೇಕು."

ಅವರು ಪೂರ್ತಿ ಮುಗಿಸಿದರು. ಹೇಳಿದ ದಿನ ಬಂದಾಗ ನಳಿಕೆಯಲ್ಲಿ ರಕ್ತ ಕೆಲವೇ ನಿಮಿಷಕ್ಕೆ ಗಟ್ಟಿಯಾಯಿತು. ಆ ದಿನ ಕುರ್ಚಿಯಲ್ಲಿ ಕೂತು ಮಾಸ್ತರು ಮಾದೇವಿಗೆ ಇನ್ನೂ ಸ್ವಲ್ಪ ಹೇಳಿದರು. ಮೋತಿಯನ್ನು ಮನೆಗೆ ಕರೆದೊಯ್ದ ಸಂಜೆಯೇ ದಿನಕರನ ಮನೆಗೆ ಹೋಗಿ, ಧನ್ಯಾಳನ್ನು ಎದುರು ಕೂರಿಸಿಕೊಂಡು, ನಿನ್ನಿಂದ ಆದದ್ದಲ್ಲ, ನನ್ನಿಂದ ಆದದ್ದು ಎಂದಿದ್ದರು. ಹುಡುಗಿ ಎದ್ದು ಒಳಗೆ ಹೋಗಿದ್ದಳು. ಕೇರಿಯ ಉಳಿದ ಮನೆಗಳಿಗೂ ಹೋಗಿ, ನಾನು ಹೀಗೆ ವಿಷ ಇಟ್ಟಿದ್ದೆ, ಸತ್ತ ಇಲಿ ಎಲ್ಲಾದರೂ ಕಂಡರೆ ನಾಯಿ-ಬೆಕ್ಕಿಗೆ ಸಿಗದ ಹಾಗೆ ಹೂಳಿ ಎಂದು ಹೇಳಿ ಬಂದಿದ್ದರು. ಒಂದಿಬ್ಬರು ಮುಖದ ಮೇಲೇ ಬೈದಿದ್ದರು. ತೋಟಕ್ಕೆ ಈಗ ಆರು ಬೋನು ತಂದಿದ್ದಾರೆ. ತೆಂಗಿನ ಮರದ ಕಾಂಡಕ್ಕೆ ತಗಡು ಸುತ್ತಿಸಿದ್ದಾರೆ.

"ದಿನಕರ ಮಾತಾಡೋದಿಲ್ಲ," ಎಂದರು. "ಆಡಬೇಕು ಅಂತ ಹೇಳುವ ಹಕ್ಕು ನನಗೂ ಇಲ್ಲ."

ದಿನಕರ ಮಾದೇವಿಯ ಜೊತೆಗೂ ಮಾತಾಡಲಿಲ್ಲ. ಏಪ್ರಿಲ್ ತಿಂಗಳಲ್ಲಿ ಟೈಗರ್‌ಗೆ ರೇಬೀಸ್ ಲಸಿಕೆಯ ತಾರೀಕು ಬಂತು. ಅವಳು ಎಲ್ಲರಿಗೂ ಕಳಿಸುವ ಹಾಗೆ ಅವನಿಗೂ ಮೆಸೇಜು ಕಳಿಸಿದಳು. ಓದಿದ ಗುರುತು ಬಂತು, ಉತ್ತರ ಬರಲಿಲ್ಲ. ಮೇ ತಿಂಗಳಲ್ಲಿ ಮತ್ತೊಮ್ಮೆ ಕಳಿಸಿದಳು. ತಾನು ಮಾಡಿದ್ದು ತಪ್ಪೇ ಎಂದು ಬಸ್ಸಿನಲ್ಲಿ ಮನೆಗೆ ಹೋಗುವಾಗ ಯೋಚಿಸುತ್ತಿದ್ದಳು. ಫೋನಿನಲ್ಲೇ ಹೇಳಿದ್ದರೆ ಅವನು ಬರುತ್ತಿದ್ದನೋ ಇಲ್ಲವೋ. ಹೇಳದೆ ಕರೆಸಿದ್ದು ಮೋಸದ ಹಾಗೆ ಅವನಿಗೆ ಕಂಡಿದ್ದರೆ ಅದೂ ಸುಳ್ಳಲ್ಲ. ಡಾಕ್ಟರ ಹತ್ತಿರ ಕೇಳಿದಾಗ ಅವರು, ನಾನಾಗಿದ್ದರೂ ಹೇಳುತ್ತಿರಲಿಲ್ಲ ಎಂದರು. ಅದರಿಂದ ಮಾದೇವಿಗೆ ಪೂರ್ತಿ ಸಮಾಧಾನವೇನೂ ಆಗಲಿಲ್ಲ.

ಜೂನ್ ತಿಂಗಳ ಒಂದು ಶನಿವಾರ, ಮಳೆ ಹಿಡಿದುಕೊಂಡಿದ್ದಾಗ, ಒಬ್ಬಳು ಹುಡುಗಿ ರೇನ್‌ಕೋಟಿನೊಳಗೆ ಮುಚ್ಚಳದ ಬುಟ್ಟಿ ಅಪ್ಪಿಕೊಂಡು ಜಗಲಿ ಹತ್ತಿದಳು. ಹಿಂದಿನಿಂದ ಛತ್ರಿ ಮಡಚುತ್ತ ದಿನಕರ ಬಂದು ಬೆಂಚಿನ ಕೊನೆಯಲ್ಲಿ ಕೂತ. ಬುಟ್ಟಿಯಲ್ಲಿ ಐವತ್ತು ದಿನದ ಕಂದು ಮರಿ ಇತ್ತು. ಧನ್ಯಾ ಕುರ್ಚಿಯಲ್ಲಿ ಕೂತು, ಶಾಲೆಯ ನೋಟ್‌ಬುಕ್ಕಿನ ಕೊನೆಯ ಪುಟ ತೆರೆದಳು. ಪ್ರಶ್ನೆಗಳನ್ನು ಬರೆದುಕೊಂಡು ಬಂದಿದ್ದಳು.

"ಹುಚ್ಚುನಾಯಿ ರೋಗದ ಇಂಜೆಕ್ಷನ್ ಇವತ್ತೇ ಹಾಕ್ತೀರಾ?"

"ಅದು ಮೂರು ತಿಂಗಳು ತುಂಬಿದ ಮೇಲೆ. ಇವತ್ತು ಹೊಟ್ಟೆ ಹುಳದ್ದು ಮತ್ತೆ ಮೊದಲನೇ ಲಸಿಕೆ. ಮೇಡಂ ನೋಡಿ ಹೇಳ್ತಾರೆ."

"ಹೊರಗೆ ಆಡ್ಸಬಹುದಾ?"

"ಲಸಿಕೆ ಎಲ್ಲ ಮುಗಿಯೂ ತನಕ ಅಂಗಳದೊಳಗೆ ಮಾತ್ರ. ಬೇರೆ ನಾಯಿ ಸೇರಿಸ್ಬೇಡ."

"ಲಸಿಕೆ ಹಾಕಿದ ಮೇಲೆ ಮಲಗಿಕೊಂಡ್ರೆ ಸತ್ತುಹೋಗ್ತದಾ?"

ಮಾದೇವಿ ಪೆನ್ನು ಕೆಳಗಿಟ್ಟಳು. "ಇಲ್ಲ ಮಗಾ. ಒಂದು ದಿನ ಸುಸ್ತಿರ್ತದೆ. ಮುಖ ಊದಿದ್ರೆ, ಮತ್ತೆ ಮತ್ತೆ ವಾಂತಿ ಮಾಡಿದ್ರೆ ಕೂಡ್ಲೇ ಫೋನ್ ಮಾಡು. ನಿನ್ನ ಅಪ್ಪನ ಫೋನಲ್ಲಿ ನನ್ನ ನಂಬರಿದೆ."

ಹುಡುಗಿ ಉತ್ತರಗಳನ್ನು ಪ್ರಶ್ನೆಗಳ ಪಕ್ಕದಲ್ಲಿ ಬರೆದುಕೊಂಡು ಬುಟ್ಟಿ ಎತ್ತಿಕೊಂಡು ಒಳಗೆ ಹೋದಳು. ದಿನಕರ ಬೆಂಚಿನಿಂದ ಎದ್ದು ಮೇಜಿನ ಹತ್ತಿರ ಬಂದ. ಕುರ್ಚಿಯಲ್ಲಿ ಕೂರಲಿಲ್ಲ.

"ಟೈಗರ್‌ದು ಎರಡು ತಿಂಗಳು ತಡ ಆಯ್ತು," ಎಂದ. "ನಾಳೆ ತಂದ್ರೆ ಆಗ್ತದಾ?"

"ನಾಳೆ ಆದಿತ್ಯವಾರ, ಬಾಗಿಲು ಹಾಕಿರ್ತದೆ. ಸೋಮವಾರ ಹತ್ತರ ಒಳಗೆ ತನ್ನಿ."

ಅವನು ತಲೆಯಾಡಿಸಿದ. ಮಾದೇವಿ ರಿಜಿಸ್ಟರು ತಿರುವಿ ಸೋಮವಾರದ ಪುಟದಲ್ಲಿ ಟೈಗರ್‌ನ ಹೆಸರು ಬರೆದಳು.